ಎಣ್ಣೆಯ ಹಬ್ಬಕ್ಕೆ ಧಾರವಾಡದ ಅಜ್ಜಿಯ ತಯಾರಿ

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಸೊಸೆ ಯಹೂದಿ ಮನೆತನದವಳು. 2026ರ ನವೆಂಬರಿನಲ್ಲಿ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವವಳಿದ್ದೇನೆ. ಆರು ವರ್ಷದ ಮೊಮ್ಮಗಳು ‘ಹನೂಕಾ ಹಬ್ಬಕ್ಕೆ ನಾವಿಬ್ಬರೂ ಸೇರಿ ಏನಾದರೂ ಮಾಡೋಣ ಅಜ್ಜಿ’ ಎಂದು ಫೋನಿನಲ್ಲಿ ದಿನವೂ ಕೇಳುತ್ತಾಳೆ. ನನಗೆ ಕರಿದ ತಿಂಡಿ, ರಂಗೋಲಿ, ಕಸೂತಿ ಬರುತ್ತವೆ. ಮೊಟ್ಟೆ ಮುಟ್ಟುವುದಿಲ್ಲ. ಅವರ ಹಬ್ಬಗಳಿಗೆ ಒಪ್ಪುವಂಥ ತಿನಿಸು ಮತ್ತು ಕೈಕೆಲಸ ಯಾವುವು? ಬೀಗರ ಮುಂದೆ ತಪ್ಪು ಮಾಡಿದಂತೆ ಆಗಬಾರದು. — ಧಾರವಾಡದ ಓದುಗರೊಬ್ಬರು

ಉತ್ತರ: ನಿಮಗೆ ಬರುವ ಮೂರು ವಿದ್ಯೆಗಳೂ ಅಲ್ಲಿ ಕೆಲಸಕ್ಕೆ ಬರುತ್ತವೆ, ಆದರೆ ಮೂರರಲ್ಲೂ ಒಂದೊಂದು ಕಡೆ ಎಚ್ಚರ ಬೇಕು. ಯಹೂದಿ ಹಬ್ಬದ ತಿನಿಸು ಎಂದು ಮೊಬೈಲಿನಲ್ಲಿ ಹುಡುಕಿದರೆ ಆರು ಮೂಲೆಯ ನಕ್ಷತ್ರದ ಬಿಸ್ಕತ್ತು, ನೀಲಿ ಬಣ್ಣದ ಕೇಕು, ಬೆಳ್ಳಿ ಕಾಗದದ ತೋರಣ ಇವೇ ಸಾಲುಗಟ್ಟಿ ಬರುತ್ತವೆ. ಅವು ನೋಡಲು ಚೆನ್ನಾಗಿಯೇ ಇರುತ್ತವೆ, ಮಾಡಿದರೆ ತಪ್ಪೂ ಇಲ್ಲ. ಆದರೆ ಈ ಹಬ್ಬಗಳ ಕಥೆ ಅಲಂಕಾರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಪದಾರ್ಥದಲ್ಲಿ ಮತ್ತು ಅದನ್ನು ಮಾಡುವ ರೀತಿಯಲ್ಲಿ ಇರುತ್ತದೆ. ಹನೂಕಾಕ್ಕೆ ಎಣ್ಣೆ, ಪೂರಿಮ್ ಹಬ್ಬಕ್ಕೆ ಮಡಚಿದ ಹಿಟ್ಟಿನೊಳಗಿನ ಹೂರಣ, ಪೆಸಾಖ್ ಹಬ್ಬಕ್ಕೆ ಹುದುಗದ ರೊಟ್ಟಿ. ಅಲ್ಲಿಂದ ಹೊರಟರೆ ನಿಮ್ಮ ಕೈಯಡುಗೆ ತಾನಾಗಿಯೇ ಹಬ್ಬದ ಅಡುಗೆಯಾಗುತ್ತದೆ.

ಮೊದಲು ಸೊಸೆಗೆ ಒಂದು ಫೋನ್ ಮಾಡಿ, ಮನೆಯಲ್ಲಿ ಕೋಷರ್ (ಯಹೂದಿಗಳ ಆಹಾರ ನಿಯಮ) ಎಷ್ಟರ ಮಟ್ಟಿಗೆ ಪಾಲಿಸುತ್ತೀರಿ ಎಂದು ನೇರವಾಗಿಯೇ ಕೇಳಿಬಿಡಿ. ಯಹೂದಿ ಮನೆಗಳೆಲ್ಲ ಒಂದೇ ರೀತಿ ಇರುವುದಿಲ್ಲ: ಕೆಲವರು ಹಂದಿಮಾಂಸ ಬಿಟ್ಟರೆ ಸಾಕು ಎನ್ನುತ್ತಾರೆ, ಇನ್ನು ಕೆಲವರ ಮನೆಯಲ್ಲಿ ಹಾಲಿನ ಅಡುಗೆಗೆ ಒಂದು ಪಾತ್ರೆ ಸೆಟ್ಟು, ಮಾಂಸದ ಅಡುಗೆಗೆ ಇನ್ನೊಂದು ಸೆಟ್ಟು ಇರುತ್ತದೆ, ಸೌಟು ಕೂಡ ಅದಲುಬದಲಾಗುವಂತಿಲ್ಲ. ಮಡಿಯಲ್ಲಿ ಅಡುಗೆ ಮಾಡುವುದನ್ನು ಕಂಡ ನಿಮಗೆ ಇದು ವಿಚಿತ್ರ ಎನಿಸಲಾರದು. ನಮ್ಮವರು ಎಡವುವುದು ತುಪ್ಪದಲ್ಲಿ. ನಮಗೆ ತುಪ್ಪ ಎಲ್ಲಕ್ಕೂ ಒಪ್ಪುವ, ಶುದ್ಧ ಮಾಡುವ ವಸ್ತು; ಕೋಷರ್ ಲೆಕ್ಕದಲ್ಲಿ ಅದು ಹಾಲಿನ ಪದಾರ್ಥ, ಹಾಗಾಗಿ ತುಪ್ಪ ತಾಕಿದ ತಿಂಡಿಯನ್ನು ಮಾಂಸದೂಟದ ಜೊತೆಗೆ ಬಡಿಸುವಂತಿಲ್ಲ. ಎಣ್ಣೆ, ಧಾನ್ಯ, ತರಕಾರಿ, ಹಣ್ಣು, ತೆಂಗಿನಕಾಯಿ ಇವು ಹಾಲಿನ ಕಡೆಗೂ ಸೇರದ, ಮಾಂಸದ ಕಡೆಗೂ ಸೇರದ ‘ಪಾರೆವ್’ ವರ್ಗದವು. ನೀವು ಈ ವರ್ಗದೊಳಗೇ ಅಡುಗೆ ಮಾಡಿದರೆ ಮುಕ್ಕಾಲು ಪಾಲು ತೊಡಕು ಇರುವುದೇ ಇಲ್ಲ. ಊರಿನಿಂದ ಪೇಢಾ ಒಯ್ಯುವ ಯೋಚನೆ ಇದ್ದೇ ಇರುತ್ತದೆ. ಮಗನಿಗೆ ಒಯ್ಯಿರಿ, ಆದರೆ ಬೀಗಿತ್ತಿಯ ತಟ್ಟೆಗೆ ಬಡಿಸುವ ಮುಂಚೆ ಕೇಳಿಕೊಳ್ಳಿ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ. ಕೋಷರ್ ಮುದ್ರೆಯೇ ಬೇರೆ.

ಇನ್ನು ಹನೂಕಾ. ಗ್ರೀಕ್ ಮೂಲದ ಸೆಲ್ಯೂಸಿಡ್ ದೊರೆ ನಾಲ್ಕನೆಯ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಮೈಲಿಗೆ ಮಾಡಿದಾಗ ಮಕ್ಕಬಿಯರೆಂಬ ಯಹೂದಿ ಹೋರಾಟಗಾರರು ಬಂಡೆದ್ದು ಅದನ್ನು ಮರಳಿ ಗೆದ್ದರು, ಕ್ರಿ.ಪೂ. 164ರಲ್ಲಿ ದೇವಾಲಯ ಪುನಃ ಶುದ್ಧವಾಯಿತು. ಆಗ ದೀಪಕ್ಕೆ ಸಿಕ್ಕಿದ್ದು ಒಂದು ದಿನಕ್ಕಾಗುವಷ್ಟು ಶುದ್ಧ ಎಣ್ಣೆಯ ಒಂದೇ ಗಿಂಡಿ, ಅದು ಎಂಟು ದಿನ ಉರಿಯಿತು ಎಂದು ತಾಲ್ಮುದ್ ಎಂಬ ಯಹೂದಿ ಧರ್ಮಗ್ರಂಥ ಹೇಳುತ್ತದೆ. ಆದ್ದರಿಂದ ಎಂಟು ರಾತ್ರಿ ದೀಪ, ಎಂಟು ದಿನ ಎಣ್ಣೆಯಲ್ಲಿ ಕರಿದದ್ದು. ನಮ್ಮ ಪಕ್ಕದ ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲೆಸಿರುವ ಬೆನೆ ಇಸ್ರೇಲ್ ಯಹೂದಿಗಳ ಕುಲಕಸುಬು ಗಾಣದಲ್ಲಿ ಎಣ್ಣೆ ತೆಗೆಯುವುದೇ ಆಗಿತ್ತು; ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದೇ ಕರೆಯುತ್ತಿದ್ದರು. ಮೊಮ್ಮಗಳಿಗೆ ಕಥೆ ಹೇಳುವಾಗ ಇದನ್ನೂ ಸೇರಿಸಿ.

ಪೂರ್ವ ಯುರೋಪಿನ ಮೂಲದ ಮನೆಗಳಲ್ಲಿ ಈ ಹಬ್ಬದ ತಿಂಡಿ ಎಂದರೆ ಲಾಟ್ಕ, ಅಂದರೆ ತುರಿದ ಆಲೂಗಡ್ಡೆಯ ವಡೆ. ಇದನ್ನು ಮೊಟ್ಟೆ ಹಾಕಿ ಕಟ್ಟುವುದು ರೂಢಿ. ಮೊಟ್ಟೆ ಇಲ್ಲದೆಯೂ ಆಗುತ್ತದೆ, ಆದರೆ ಒಂದು ಹಂತವನ್ನು ಬಿಡಬಾರದು. ಒಂದು ಕೆಜಿ ಆಲೂಗಡ್ಡೆಯನ್ನೂ ಒಂದು ದೊಡ್ಡ ಈರುಳ್ಳಿಯನ್ನೂ ತುರಿದು, ತೆಳುವಾದ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಇನ್ನೊಂದು ಹನಿ ಬಾರದು ಎನ್ನುವವರೆಗೆ ಪಾತ್ರೆಯೊಳಕ್ಕೆ ಹಿಂಡಿ. ಆ ನೀರನ್ನು ಚೆಲ್ಲಬೇಡಿ. ಐದು ನಿಮಿಷ ಅಲುಗಿಸದೆ ಬಿಟ್ಟರೆ ತಳದಲ್ಲಿ ಸುಣ್ಣದಂತೆ ಬೆಳ್ಳಗಿನ, ಬೆರಳಿಗೆ ಗಟ್ಟಿಯಾಗಿ ತಾಗುವ ಹಿಟ್ಟು ಕೂತಿರುತ್ತದೆ. ಮೇಲಿನ ಕೆಂಪು ನೀರನ್ನು ಬಗ್ಗಿಸಿ ತೆಗೆದು, ಈ ಹಿಟ್ಟನ್ನು ಕೆರೆದು ಮತ್ತೆ ತುರಿಗೆ ಸೇರಿಸಿ. ಎರಡು ದೊಡ್ಡ ಚಮಚ ಮೈದಾ, ಉಪ್ಪು, ಬೇಕಾದರೆ ಮೆಣಸಿನಪುಡಿ ಸೇರಿಸಿದರೆ ಮೊಟ್ಟೆ ಮಾಡಬೇಕಾದ ಕೆಲಸವನ್ನು ಆ ಹಿಟ್ಟೇ ಮಾಡುತ್ತದೆ. ಬಾಣಲೆ ತುಂಬ ಎಣ್ಣೆ ಬೇಡ. ಅಗಲವಾದ ತಳದ ಪಾತ್ರೆಯಲ್ಲಿ ಕಾಲು ಅಂಗುಲ ಎಣ್ಣೆ ಸಾಕು. ಅಂಗೈಯಗಲ ತೆಳ್ಳಗೆ ತಟ್ಟಿ ಬಿಟ್ಟು, ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಮಗುಚಬೇಡಿ. ಜೊತೆಗೆ ಸೇಬಿನ ಗೊಜ್ಜು ಅಥವಾ ಹುಳಿಗೆನೆ (ಸವರ್ ಕ್ರೀಮ್) ಕೊಡುತ್ತಾರೆ. ಹುಳಿಗೆನೆ ಹಾಲಿನದು ಎಂಬುದು ನೆನಪಿರಲಿ. ಅಂದು ಊಟಕ್ಕೆ ಮಾಂಸ ಇದ್ದರೆ ಸೇಬೇ ಸರಿ. ಆಲೂಗಡ್ಡೆ ಯುರೋಪಿಗೆ ಬಂದದ್ದೇ ತಡವಾಗಿ, ಆದ್ದರಿಂದ ಲಾಟ್ಕವೂ ಬಹಳ ಪುರಾತನವೇನಲ್ಲ. ಹಬ್ಬ ಕೇಳುವುದು ಎಣ್ಣೆಯನ್ನು. ನಿಮ್ಮ ಚಕ್ಕಲಿಯನ್ನು ಬೆಣ್ಣೆ ಹಾಕದೆ ಎಣ್ಣೆಯಲ್ಲೇ ಕರಿದರೆ ಅದೂ ಹನೂಕಾದ ತಿಂಡಿಯೇ ಎಂದು ಧೈರ್ಯವಾಗಿ ಹೇಳಬಹುದು.

ಮಗುವಿನೊಂದಿಗೆ ಮಾಡುವ ಸಿಹಿ ಎಂದರೆ ಎಲ್ಲರೂ ತೋರಿಸುವುದು ಒಂದೇ: ಮಾರ್ಷ್‌ಮೆಲ್ಲೋಗೆ ಕಡ್ಡಿ ಚುಚ್ಚಿ, ತುದಿಗೆ ಚಾಕೊಲೇಟ್ ಅಂಟಿಸಿದ ಬುಗುರಿ. ಹಿಂದೊಮ್ಮೆ ನಾನೂ ಇದನ್ನು ಇಪ್ಪತ್ತು ಮಾಡಿಕೊಂಡು ಒಂದು ಮನೆಯ ಹಬ್ಬಕ್ಕೆ ಹೋಗಿದ್ದೆ. ಮನೆಯೊಡತಿ ನಗುನಗುತ್ತಲೇ ತಟ್ಟೆ ತೆಗೆದುಕೊಂಡರು, ಆಮೇಲೆ ಅದು ಮೇಜಿನ ಮೇಲೆ ಕಾಣಲೇ ಇಲ್ಲ. ಸಾಮಾನ್ಯ ಮಾರ್ಷ್‌ಮೆಲ್ಲೋದಲ್ಲಿರುವ ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ, ಹೆಚ್ಚಾಗಿ ಹಂದಿಯದರಿಂದ, ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಸಸ್ಯಾಹಾರಿಯಾದ ನಿಮಗೂ ಅದು ಬೇಡ. ಬದಲಿಗೆ ಗೋಡಂಬಿ ಬರ್ಫಿಯ ಹದ ಹಿಡಿಯಿರಿ. ಒಂದು ಬಟ್ಟಲು ಗೋಡಂಬಿ ಪುಡಿಗೆ ಅರ್ಧ ಬಟ್ಟಲು ಸಕ್ಕರೆಯ ಒಂದೆಳೆ ಪಾಕ. ತುಪ್ಪದ ಜಾಗದಲ್ಲಿ ಕೈಗೆ ಸವರಿಕೊಳ್ಳಲು ಒಂದಿಷ್ಟು ಕೊಬ್ಬರಿ ಎಣ್ಣೆ. ಉಗುರುಬೆಚ್ಚಗಿರುವಾಗಲೇ ನಾದಿದರೆ ಮಕ್ಕಳಾಟದ ಜೇಡಿಯಂತೆ ಹೇಳಿದ ಮಾತು ಕೇಳುತ್ತದೆ: ಚೌಕಾಕಾರದ ಗಟ್ಟಿ ಮಾಡಿ, ಕೆಳತುದಿಯನ್ನು ಚೂಪಾಗಿ ಹಿಸುಕಿ, ಮೇಲೆ ಒಂದು ಪ್ರೆಟ್ಜೆಲ್ ಕಡ್ಡಿ ಸಿಕ್ಕಿಸಿದರೆ ಬುಗುರಿ ಸಿದ್ಧ. ಅಂಗಡಿಯ ಬರ್ಫಿಯ ಮೇಲಿನ ಬೆಳ್ಳಿ ರೇಕು ಬೇಡ. ಅದನ್ನು ಹಿಂದಿನಿಂದಲೂ ಪ್ರಾಣಿಗಳ ಕರುಳಿನ, ಚರ್ಮದ ಹಾಳೆಗಳ ನಡುವೆ ಇಟ್ಟು ಬಡಿಯುತ್ತಿದ್ದರು. ಕೆಂಪು ಬಣ್ಣ ಬಳಸುವುದಾದರೂ ಚೀಟಿ ಓದಿ, ಕಾರ್ಮೈನ್ ಎಂಬುದು ಕೀಟದಿಂದ ತೆಗೆದ ಬಣ್ಣ. ಮೊಮ್ಮಗಳು ಶಾಲೆಗೆ ಒಯ್ಯುತ್ತೇನೆ ಎಂದು ಹಟ ಹಿಡಿದರೆ ಬೀಜದ ಅಲರ್ಜಿಯ ವಿಷಯದಲ್ಲಿ ಅಲ್ಲಿನ ನಿಯಮ ಏನೆಂದು ಸೊಸೆಯನ್ನು ಕೇಳಿಯೇ ಕಳಿಸಿ.

ಡ್ರೈಡಲ್ ಎಂಬ ಈ ಬುಗುರಿಗೆ ನಾಲ್ಕು ಮುಖ. ಚನ್ನಪಟ್ಟಣದ ಬಣ್ಣದ ಬುಗುರಿ ಉಡುಗೊರೆಗೆ ಚೆಂದವೇ, ಆದರೆ ಅದು ದುಂಡು. ಈ ಆಟಕ್ಕೆ ಒದಗದು. ಐದು ಸೆಂಟಿಮೀಟರಿನ ಚೌಕ ರಟ್ಟಿನ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು, ಬರುವ ನಾಲ್ಕು ತ್ರಿಕೋನಗಳಲ್ಲಿ ನೂನ್, ಗಿಮೆಲ್, ಹೇ, ಶಿನ್ ಎಂಬ ನಾಲ್ಕು ಹೀಬ್ರೂ ಅಕ್ಷರ ಬರೆಸಿ, ನಡುವೆ ಗಿಡ್ಡ ಪೆನ್ಸಿಲ್ ತೂರಿಸಿ. ಅಕ್ಷರ ಬರೆಯುವುದನ್ನು ಮೊಮ್ಮಗಳಿಗೇ ಬಿಡಿ, ಅಲ್ಲಿ ಅವಳು ಗುರು, ನೀವು ಶಿಷ್ಯೆ. ‘ಅಲ್ಲಿ ದೊಡ್ಡ ಪವಾಡ ನಡೆಯಿತು’ ಎಂಬ ವಾಕ್ಯದ ಮೊದಲಕ್ಷರಗಳಿವು. ಇಸ್ರೇಲಿನಲ್ಲಿ ಮಾಡಿದ ಬುಗುರಿಯಲ್ಲಿ ಶಿನ್ ಬದಲು ಪೇ ಇರುತ್ತದೆ, ಏಕೆಂದರೆ ಅವರಿಗೆ ಪವಾಡ ನಡೆದದ್ದು ‘ಇಲ್ಲಿ’. ನೂನ್ ಬಿದ್ದರೆ ಏನೂ ಇಲ್ಲ, ಗಿಮೆಲ್ ಬಿದ್ದರೆ ನಡುವಿನ ರಾಶಿಯೆಲ್ಲ ನಿಮ್ಮದು, ಹೇ ಬಿದ್ದರೆ ಅರ್ಧ, ಶಿನ್ ಬಿದ್ದರೆ ನಿಮ್ಮ ಕೈಯಿಂದ ಒಂದು ಹಾಕಬೇಕು. ರಾಶಿಗೆ ಚಾಕೊಲೇಟ್ ನಾಣ್ಯ ಇಡುವುದು ರೂಢಿ; ಶೇಂಗಾ ಬೀಜವೂ ನಡೆಯುತ್ತದೆ.

ದೀಪದ ವಿಷಯದಲ್ಲಿ ನಿಮ್ಮ ಚೀಲದಲ್ಲಿರುವ ಮಣ್ಣಿನ ಹಣತೆಗಿಂತ ಒಳ್ಳೆಯ ಕೈಕೆಲಸದ ಸಾಮಾನು ಬೇರೆ ಇಲ್ಲ. ಮೇಣದ ಬತ್ತಿಗಿಂತ ಆಲಿವ್ ಎಣ್ಣೆಯ ದೀಪವೇ ಹೆಚ್ಚು ಶ್ರೇಷ್ಠ ಎಂದು ಸಂಪ್ರದಾಯಸ್ಥರೇ ಒಪ್ಪುತ್ತಾರೆ. ಒಂದು ಉದ್ದ ಹಲಗೆಗೆ ಮೊಮ್ಮಗಳಿಂದ ಬಣ್ಣ ಹಚ್ಚಿಸಿ, ಎಂಟು ಹಣತೆಗಳನ್ನು ಒಂದೇ ಎತ್ತರದಲ್ಲಿ, ಒಂದೇ ಸಾಲಿನಲ್ಲಿ, ಜ್ವಾಲೆಗೆ ಜ್ವಾಲೆ ಕೂಡಿಕೊಳ್ಳದಷ್ಟು ಅಂತರದಲ್ಲಿ ಕೂರಿಸಿ. ಒಂಬತ್ತನೆಯದು ಶಮಾಶ್, ಎಂದರೆ ಸೇವಕ ದೀಪ. ಅದನ್ನು ಬಟ್ಟಲೊಂದನ್ನು ಕವುಚಿ ಅದರ ಮೇಲಿಟ್ಟರೆ ಬೇರೆಯಾಗಿ ಕಾಣುತ್ತದೆ. ಈ ಏರ್ಪಾಡು ಬರಿಯ ಚೆಂದಕ್ಕಲ್ಲ. ಬಟ್ಟಲಿನ ಸುತ್ತ ಬತ್ತಿಗಳನ್ನಿಟ್ಟು ಎಲ್ಲವೂ ಒಟ್ಟಿಗೆ ಉರಿದರೆ ಅದು ಬೆಂಕಿಯ ರಾಶಿಯಾದೀತೇ ಹೊರತು ದೀಪವಾಗದು ಎಂದು ತಾಲ್ಮುದ್ ಹೇಳಿದೆ. ಆದ್ದರಿಂದ ನಮ್ಮ ದೀಪಾವಳಿಯ ವೃತ್ತಾಕಾರದ ಜೋಡಣೆ ಇಲ್ಲಿ ಬೇಡ. ಈ ಎಂಟು ದೀಪಗಳ ಬೆಳಕಿನಲ್ಲಿ ಓದುವುದು, ಹೊಲಿಯುವುದು ಇತ್ಯಾದಿ ಕೆಲಸ ಮಾಡುವಂತಿಲ್ಲ, ಅದಕ್ಕಾಗಿಯೇ ಸೇವಕ ದೀಪ ಇರುವುದು. ಮೊದಲ ರಾತ್ರಿ ಬಲತುದಿಯಲ್ಲಿ ಒಂದು, ಮರುದಿನ ಅದರ ಎಡಕ್ಕೆ ಇನ್ನೊಂದು, ಹೀಗೆ ಎಡಕ್ಕೆ ಬೆಳೆಯುತ್ತದೆ. ಹಚ್ಚುವುದು ಮಾತ್ರ ಎಡಗಡೆಯ ಹೊಸ ದೀಪದಿಂದ. ಸೇವಕನನ್ನೂ ಲೆಕ್ಕ ಹಿಡಿದರೆ ಎಂಟು ರಾತ್ರಿಗೆ ಒಟ್ಟು 44 ದೀಪ. ಒಮ್ಮೆ ಉರಿದ ಮಣ್ಣಿನ ಹಣತೆಯನ್ನು ಮರುದಿನ ಬಳಸಬಾರದು ಎನ್ನುವವರೂ ಇದ್ದಾರೆ. ಹಣತೆಯೊಳಗೆ ಪುಟ್ಟ ಗಾಜಿನ ಬಟ್ಟಲಿಟ್ಟು ಎಣ್ಣೆಯನ್ನು ಅದಕ್ಕೆ ಹಾಕಿದರೆ ಆ ತಕರಾರು ಏಳದು.

2026ರಲ್ಲಿ ಇನ್ನೊಂದು ವಿಶೇಷವಿದೆ. ಮೊದಲ ದೀಪ ಡಿಸೆಂಬರ್ 4, ಶುಕ್ರವಾರ. ಎಂಟನೆಯದು ಡಿಸೆಂಬರ್ 11, ಅದೂ ಶುಕ್ರವಾರ. ಶುಕ್ರವಾರ ಸಂಜೆ ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನ ಶುರುವಾಗುವುದರಿಂದ ಹನೂಕಾ ದೀಪವನ್ನು ಶಬ್ಬಾತ್ ದೀಪಕ್ಕಿಂತ ಮೊದಲೇ, ಸೂರ್ಯ ಮುಳುಗುವ ಮುಂಚೆ ಹಚ್ಚಬೇಕು, ಆದರೂ ಅದು ಕತ್ತಲಾದ ಮೇಲೆ ಅರ್ಧ ಗಂಟೆ ಉರಿಯುತ್ತಿರಬೇಕು. ನ್ಯೂಜೆರ್ಸಿಯಲ್ಲಿ ಆ ವೇಳೆಗೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಪೆಟ್ಟಿಗೆಯಲ್ಲಿ ಬರುವ ಸಣ್ಣ ಬತ್ತಿಗಳು ಅಷ್ಟು ಹೊತ್ತು ತಾಳುವುದಿಲ್ಲ. ನಿಮ್ಮ ಹಣತೆ ತಾಳಬಲ್ಲದು: ಒಂದು ದಿನ ಮುಂಚಿತವಾಗಿ ಎಣ್ಣೆ ಹಾಕಿ ಎಷ್ಟು ಹೊತ್ತು ಉರಿಯುತ್ತದೆ ಎಂದು ಗಡಿಯಾರ ಇಟ್ಟು ನೋಡಿ. ಮನೆ ಕಟ್ಟುನಿಟ್ಟಿನದಾಗಿದ್ದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಕತ್ತರಿಸುವುದು, ಅಂಟಿಸುವುದು, ಬರೆಯುವುದು ಯಾವುದೂ ನಡೆಯದು. ಕೈಕೆಲಸವೆಲ್ಲ ಗುರುವಾರಕ್ಕೇ ಮುಗಿದಿರಲಿ.

ರಂಗೋಲಿಯ ವಿಷಯವನ್ನು ಬಿಡಿಸಿ ಹೇಳಬೇಕು. ಆರು ಮೂಲೆಯ ನಕ್ಷತ್ರ ನಿಮ್ಮ ಕೈಗೆ ಹೊಸದಲ್ಲ, ಅದು ನಮ್ಮ ಷಟ್ಕೋನವೇ. ಒಂದು, ನಾಲ್ಕು, ಮೂರು, ನಾಲ್ಕು, ಒಂದು ಎಂದು ಹದಿಮೂರು ಚುಕ್ಕೆಗಳನ್ನು, ಪ್ರತಿ ಸಾಲಿನ ಚುಕ್ಕೆ ಹಿಂದಿನ ಸಾಲಿನ ಸಂದಿಗೆ ಬರುವಂತೆ ಇಡಿಸಿ. ಮೇಲಿನ ಒಂಟಿ ಚುಕ್ಕೆಯಿಂದ ಕೆಳಗಿನ ನಾಲ್ಕರ ಸಾಲಿನ ಎರಡು ತುದಿಗೆ ಒಂದು ತ್ರಿಕೋನ, ಕೆಳಗಿನ ಒಂಟಿ ಚುಕ್ಕೆಯಿಂದ ಮೇಲಿನ ನಾಲ್ಕರ ಸಾಲಿನ ತುದಿಗಳಿಗೆ ಇನ್ನೊಂದು. ಆರು ವರ್ಷದ ಮಗು ಎರಡನೆಯ ಸಲಕ್ಕೆ ತಾನೇ ಹಾಕುತ್ತದೆ. ಚಳಿಗಾಲದಲ್ಲಿ ಅಂಗಳ ಬೇಡ, ಒಳಗೆ ಹಲಗೆಯ ಮೇಲೆ ನೀಲಿ, ಬಿಳಿ ಪುಡಿಯಲ್ಲಿ ಹಾಕಿ. ತುಳಿಯುವ ಜಾಗವೂ ಅಲ್ಲವೆಂದಾಗುತ್ತದೆ. ಈ ನಕ್ಷತ್ರವನ್ನು ಹಳದಿ ಬಟ್ಟೆಯಲ್ಲಿ ಕತ್ತರಿಸಿ ಮಗುವಿನ ಅಂಗಿಗೆ ಚುಚ್ಚುವ ಕೆಲಸವನ್ನು ಮಾತ್ರ ಮರೆತೂ ಮಾಡಬೇಡಿ. ನಾಜಿಗಳು ಯಹೂದಿಗಳಿಗೆ ಬಲವಂತದಿಂದ ತೊಡಿಸಿದ ಗುರುತು ಅದೇ ಆಗಿತ್ತು. ಸ್ವಸ್ತಿಕವೂ ಹಾಗೆಯೇ. ನಮಗೆ ಅದು ಮಂಗಳಕರ, ಅದರ ಅರ್ಥ ಬೇರೆ, ನಾಜಿಗಳ ಗುರುತು ಬೇರೆ, ನಿಜ. ಆದರೆ ಅಜ್ಜ ಅಜ್ಜಿಯರನ್ನು ಆ ಗುರುತಿನ ಕೆಳಗೆ ಕಳೆದುಕೊಂಡ ಮನೆಯವರಿಗೆ ಹಬ್ಬದ ದಿನ ಹೊಸ್ತಿಲಲ್ಲಿ ನಿಂತು ವಿವರಣೆ ಕೊಡುವ ಮಾತಲ್ಲ ಅದು. ಓಂ, ಸ್ವಸ್ತಿಕ, ಲಕ್ಷ್ಮೀ ಗಣೇಶರ ಉಬ್ಬಚ್ಚು ಇಲ್ಲದ ಸಾದಾ ಹಣತೆಗಳನ್ನೇ ಆರಿಸಿ ಒಯ್ಯಿರಿ.

ನೀವು ಅಲ್ಲಿರುವಾಗಲೇ 2027ರ ಜನವರಿ 22ರ ಸಂಜೆಯಿಂದ ಮರಗಿಡಗಳ ಹಬ್ಬವಾದ ತು ಬಿಶ್ವಾತ್ ಬರುತ್ತದೆ. ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ನನ್ನ ಹೆಚ್ಚಿನ ಉತ್ಸಾಹವನ್ನು ಇದಕ್ಕೇ ಮೀಸಲಿಡುತ್ತಿದ್ದೆ. ಬೆನೆ ಇಸ್ರೇಲ್ ಯಹೂದಿಗಳು ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಕೃತಜ್ಞತೆ ಸಲ್ಲಿಸುವಾಗ, ಈ ಹಬ್ಬದಲ್ಲೂ, ‘ಮಲಿದಾ’ ಮಾಡುತ್ತಾರೆ. ನೆನೆಸಿದ ಅವಲಕ್ಕಿ, ಹಸಿ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣು, ಸುತ್ತ ಐದು ಬಗೆಯ ಹಣ್ಣು. ಅಂದರೆ ನಮ್ಮ ಸಿಹಿ ಅವಲಕ್ಕಿಯೇ. ಹಾಲಿಲ್ಲ, ತುಪ್ಪವಿಲ್ಲ. ಹೊಸ ವರ್ಷಕ್ಕೆ ಅವರು ಗೋಧಿಯ ಹಾಲಿಗೆ ತೆಂಗಿನ ಹಾಲು ಸೇರಿಸಿ ಕಾಸುವ ಹಲ್ವವೂ ಹಾಗೆಯೇ, ಕಂಡವರು ಹಾಲುಬಾಯಿ ಎಂದೇ ಅಂದಾರು. ಮಾಂಸದೂಟದ ಮೇಲೆ ಸಿಹಿ ತಿನ್ನಲು ಅಡ್ಡಿಯಾಗಬಾರದೆಂದು ಹಸುವಿನ ಹಾಲಿನ ಜಾಗಕ್ಕೆ ತೆಂಗು ಬಂದಿದೆ. ನಿಮ್ಮ ಬೀಗರು ಯುರೋಪಿನ ಮೂಲದವರಾದರೆ ಅವರಿಗೆ ಈ ಪದ್ಧತಿ ಗೊತ್ತಿರಲಿಕ್ಕಿಲ್ಲ. ಮೊಮ್ಮಗಳಿಂದ ತಟ್ಟೆಯಲ್ಲಿ ಹಣ್ಣು ಜೋಡಿಸಿ, ಅವಲಕ್ಕಿಯನ್ನು ನಡುವೆ ಗೋಪುರದಂತೆ ಇಡಿಸಿ ಕೊಡಿ. ಇದು ಯಹೂದಿ ಪದ್ಧತಿಯೂ ಹೌದು, ನಿಮ್ಮ ಮನೆಯ ರುಚಿಯೂ ಹೌದು.

ಪೂರಿಮ್ 2027ರ ಮಾರ್ಚ್ 22ರ ಸಂಜೆಗೆ ಆರಂಭ. ಪರ್ಷಿಯಾದ ಮಂತ್ರಿ ಹಾಮಾನನ ಸಂಚಿನಿಂದ ರಾಣಿ ಎಸ್ತೇರ್ ತನ್ನ ಜನರನ್ನು ಉಳಿಸಿದ ಕಥೆ ಇದರದು. ಎಸ್ತೇರಳ ಗ್ರಂಥವನ್ನು ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲ ಗದ್ದಲ ಎಬ್ಬಿಸಬೇಕು. ಖಾಲಿ ಡಬ್ಬಿಯೊಳಗೆ ಒಂದು ಹಿಡಿ ಒಣ ಅವರೆಕಾಳು ಹಾಕಿ, ಮುಚ್ಚಳ ಬಿಗಿದು, ಬಣ್ಣದ ಕಾಗದ ಸುತ್ತಿದರೆ ಗಿಲಿಕೆ ಆಯಿತು. ತಿಂಡಿ ಹಾಮಾನ್‌ಟಾಶ್. ಯಿದ್ದಿಶ್ ಭಾಷೆಯ ‘ಮೋನ್’ ಎಂದರೆ ಗಸಗಸೆ, ‘ಟಾಶ್’ ಎಂದರೆ ಜೇಬು. ನೀವು ಕರ್ಚಿಕಾಯಿಗೆ ಮಾಡುವಷ್ಟೇ ಅಗಲದ ಹಾಳೆ, ನಡುವೆ ಒಂದೇ ಚಮಚ ಅರೆದ ಗಸಗಸೆಯ ಸಿಹಿ ಹೂರಣ, ಮೂರು ಕಡೆಯಿಂದ ಮಡಚಿ ಮೂಲೆಗಳನ್ನು ಚಿವುಟುವುದು. ಹೂರಣ ನಡುವೆ ಇಣುಕುತ್ತಿರಬೇಕು. ಕಣಕಕ್ಕೆ ಮೊಟ್ಟೆಯ ಬದಲು ಕಿತ್ತಳೆ ರಸ, ಬೆಣ್ಣೆಯ ಬದಲು ಗಟ್ಟಿಯಾದ ಕೊಬ್ಬರಿ ಎಣ್ಣೆ. ಒಲೆಗಿಡುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಆಮೇಲೆ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ (ಅಲ್ಲಿನ ಓವನ್ ಲೆಕ್ಕದಲ್ಲಿ 350) ಹದಿನೈದು ನಿಮಿಷ ಬೇಯಿಸಿ. ತಣಿಸದೆ ಇಟ್ಟರೆ ಮೂಲೆ ಬಿಚ್ಚಿ ಹಾಳೆ ಮತ್ತೆ ದುಂಡಗಾಗುತ್ತದೆ. ಮರುದಿನ ಹಗಲಿನಲ್ಲಿ ಸ್ನೇಹಿತರಿಗೆ ತಕ್ಷಣ ತಿನ್ನಬಹುದಾದ ಎರಡು ಬಗೆಯ ಪದಾರ್ಥ ಕಳಿಸುವುದು ವಿಧಿ. ಆ ಬುಟ್ಟಿಯ ಅಲಂಕಾರವನ್ನು ಪೂರ್ತಿಯಾಗಿ ಮಗುವಿಗೆ ಬಿಟ್ಟುಬಿಡಿ.

ಏಪ್ರಿಲ್ 21ರ ಸಂಜೆಯಿಂದ ಪೆಸಾಖ್. ಆ ದಿನಗಳಲ್ಲಿ ಅಡುಗೆಮನೆಯ ಕಡೆಗೆ ನೀವು ಹೋಗದಿರುವುದೇ ಎಲ್ಲರಿಗೂ ಕ್ಷೇಮ. ಗೋಧಿ, ಜವೆ ಇತ್ಯಾದಿಗಳಿಂದ ಮಾಡಿದ, ಹುದುಗು ಬರಬಹುದಾದ ಏನೂ ಮನೆಯಲ್ಲಿರಬಾರದು. ಯುರೋಪಿನ ಮೂಲದವರಲ್ಲಿ ಹಲವರು ಅಕ್ಕಿ, ಬೇಳೆ ಕೂಡ ತಿನ್ನುವುದಿಲ್ಲ. ನಿಮ್ಮ ಇಂಗಿನ ಡಬ್ಬಿಯ ಚೀಟಿ ನೋಡಿ, ಅದರಲ್ಲೂ ಗೋಧಿಹಿಟ್ಟು ಬೆರೆತಿರಬಹುದು. ಈ ಹಬ್ಬಕ್ಕೆ ನಿಮ್ಮಿಂದ ಆಗುವುದು ಕಸೂತಿ. ಸೆದೆರ್ ಎಂಬ ಹಬ್ಬದೂಟದ ಮೇಜಿನ ಮೇಲೆ ಮಾತ್ಸಾ ಎಂಬ ಮೂರು ಹುದುಗದ ರೊಟ್ಟಿಗಳನ್ನು ಬೇರೆಬೇರೆ ಇಡಲು ಮೂರು ಪದರದ ವಸ್ತ್ರ ಬೇಕು. ಶುಕ್ರವಾರ ಸಂಜೆಯ ಶಬ್ಬಾತ್ ಊಟದ ಎರಡು ಖಲ್ಲಾ ರೊಟ್ಟಿಗಳ ಮೇಲೆ ಹೊದಿಸಲು ಒಂದು ವಸ್ತ್ರ ಬೇಕು. ಎಳೆ ಎಣಿಸಲು ಬರುವ ಬಿಳಿ ಹತ್ತಿ ಬಟ್ಟೆಯ ಮೇಲೆ ಗವಂತಿ, ಮುರಗಿ ಹೊಲಿಗೆ ಹಾಕಿದರೆ ಗಂಟಿಲ್ಲದೆ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತದೆ, ಮಡಚಿ ತೆರೆಯುವ ವಸ್ತ್ರಕ್ಕೆ ಅದೇ ಬೇಕಾದದ್ದು. ಗೋಪುರ, ತುಳಸಿಕಟ್ಟೆ, ನಂದಿ ಬಿಟ್ಟು ಬರಿಯ ಜಾಲರಿ, ಮೆಟ್ಟಿಲು, ದಾಳಿಂಬೆ ತುಂಬಿಸಿ. ದಾಳಿಂಬೆ ಅವರಿಗೂ ಪೂಜ್ಯ ಹಣ್ಣು. ಖಲ್ಲಾ ವಸ್ತ್ರವನ್ನು ಇಲ್ಲಿಂದ ಹೊರಡುವ ಮುಂಚೆಯೇ ಮುಗಿಸಿದರೆ ಡಿಸೆಂಬರ್ 4ರ ಸಂಜೆ ಹಣತೆಯ ಪಕ್ಕದಲ್ಲೇ ಅದನ್ನು ಹಾಸಬಹುದು. ಮಾತ್ಸಾದ್ದನ್ನು ಅಲ್ಲೇ, ಮೊಮ್ಮಗಳ ಕೈಗೂ ಒಂದು ಸೂಜಿ ಕೊಟ್ಟು, ಫೆಬ್ರವರಿಯಲ್ಲಿ ಶುರು ಮಾಡಿ.